ಹೊಡೆಯುವವನನ್ನು ಪೊಲೀಸರೂ ಬಿಡುತ್ತಾರೆ, ಆಸ್ಪತ್ರೆಯೂ ಬಿಡುತ್ತದೆ. ಮುಂದೆ?

ಡೊಂಬಿವಲಿ ಪೂರ್ವ (ಚರ್ಚೆ ಆರಂಭಿಸಿದವರು)

ನಮ್ಮ ಚಾಳಿನಲ್ಲಿ (ಸಾಲುಮನೆಗಳ ವಠಾರದಲ್ಲಿ) ಮೂವತ್ತು ದಾಟಿದ ಒಬ್ಬನಿದ್ದಾನೆ. ಹೆಸರು ಬೇಡ. ತಾಯಿ ವಿಜಯಪುರದ ಕಡೆಯವರು, ನಾಲ್ಕಾರು ಮನೆಗೆ ಚಪಾತಿ ಮಾಡಿಕೊಟ್ಟು ಬದುಕುತ್ತಾರೆ. ಚೆನ್ನಾಗಿದ್ದಾಗ ಅವನಷ್ಟು ಉಪಕಾರಿ ಇನ್ನೊಬ್ಬನಿಲ್ಲ. ನಸುಕಿನಲ್ಲಿ ನಲ್ಲಿಗೆ ನೀರು ಬಂದರೆ ಎಲ್ಲರ ಬಾಗಿಲು ತಟ್ಟಿ ಎಬ್ಬಿಸುವವನೇ ಅವನು. ಮಾತ್ರೆ ತಪ್ಪಿತೆಂದರೆ ಕೆಲವೇ ವಾರಗಳಲ್ಲಿ, ಯಾರೋ ತನ್ನ ಅನ್ನಕ್ಕೆ ವಿಷ ಬೆರೆಸುತ್ತಿದ್ದಾರೆ ಎಂದು ಶುರುಮಾಡುತ್ತಾನೆ. ಹೋದ ವರ್ಷ ಕಾವಲುಗಾರನಿಗೆ ಕಬ್ಬಿಣದ ಸಲಾಕೆಯಿಂದ ಹೊಡೆದ. ಮಳೆಗಾಲದಲ್ಲಿ ತಾಯಿಯ ಮುಂಗೈ ಮುರಿದ. ಈಗ ತರಕಾರಿ ಗಾಡಿಯವನ ತಕ್ಕಡಿಯಿಂದಲೇ ಎರಡು ಕಿಲೋ ತೂಕದ ಕಲ್ಲನ್ನು ಎತ್ತಿ ಅವನ ಹಣೆಗೆ ಅಪ್ಪಳಿಸಿದ್ದಾನೆ. ಹುಬ್ಬಿನ ಮೇಲೆ ಹೊಲಿಗೆ ಬಿದ್ದಿದೆ.

ಪ್ರತಿ ಸಲ ನಡೆಯುವುದು ಒಂದೇ. ಠಾಣೆಯಲ್ಲಿ ಎನ್‌ಸಿ (ತನಿಖೆಯಿಲ್ಲದ ದೂರು) ಬರೆದುಕೊಂಡು ಚೀಟಿ ಕೊಡುತ್ತಾರೆ, ‘ಅವನಿಗೆ ತಲೆ ಸರಿಯಿಲ್ಲ, ಆಸ್ಪತ್ರೆಗೆ ಸೇರಿಸಿ’ ಎನ್ನುತ್ತಾರೆ. ಆಸ್ಪತ್ರೆಯವರು ಕೆಲವು ವಾರ ಇಟ್ಟುಕೊಂಡು ಕಳುಹಿಸುತ್ತಾರೆ, ‘ಮತ್ತೆ ಹೊಡೆದರೆ ಪೊಲೀಸರಿಗೆ ಹೇಳಿ’ ಎನ್ನುತ್ತಾರೆ. ತಾಯಿಗೆ ಮರಾಠಿ ಅಷ್ಟಕ್ಕಷ್ಟೆ. ಕಾಗದಗಳನ್ನೆಲ್ಲ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನನ್ನ ಬಳಿ ಬರುತ್ತಾರೆ. ಬಿಡುಗಡೆ ಚೀಟಿಯಲ್ಲಿ ಇರುವುದು ಇಷ್ಟೆ: ‘ಸ್ಥಿತಿ ಸುಧಾರಿಸಿದೆ. ಹದಿನೈದು ದಿನದ ಮಾತ್ರೆ ಕೊಡಲಾಗಿದೆ.’ ಹದಿನಾರನೆಯ ದಿನ ಏನು ಎಂಬುದು ಎಲ್ಲಿಯೂ ಇಲ್ಲ.

ತಿಳಿದವರು ಹೇಳಿ: ಇದಕ್ಕೆ ಹೊಣೆ ಯಾರು? ಅರ್ಜಿ ಕೊಡುವುದಾದರೆ ಎಲ್ಲಿಗೆ?

ಮಾಟುಂಗಾ ಮಾವಳಿ

ಮನೆ ಬದಲಿಸಿ. ಬೇರೆ ದಾರಿಯಿಲ್ಲ.

ಡೊಂಬಿವಲಿ ಪೂರ್ವ

ಪಗಡಿ ಕೊಟ್ಟು ಹಿಡಿದ ಹಳೆಯ ಬಾಡಿಗೆ ಮನೆ, ಸ್ವಾಮಿ. ಬದಲಿಸಲು ನೀವು ದುಡ್ಡು ಕೊಡುತ್ತೀರಾ?

ಕೋಥ್ರೂಡ್ ಕನ್ನಡಿಗ

ಇದೆಲ್ಲ ಮೆತ್ತಗಿನ ಕಾನೂನಿನ ಫಲ. ರಾಮನ್ ರಾಘವನನ್ನು ನೆನಪಿಸಿಕೊಳ್ಳಿ. ಮುಂಬಯಿಯಲ್ಲಿ ಫುಟ್‌ಪಾತಿನಲ್ಲಿ ಮಲಗಿದವರ ತಲೆ ಜಜ್ಜಿ ಕೊಂದವನು. ಗಲ್ಲು ವಿಧಿಸಿದರು, ಆಮೇಲೆ ‘ಹುಚ್ಚ’ ಎಂದು 1987ರಲ್ಲಿ ಜೀವಾವಧಿಗೆ ಇಳಿಸಿದರು. ನಮ್ಮ ಪುಣೆಯ ಯೆರವಡಾ ಜೈಲಿನಲ್ಲಿ ಸರ್ಕಾರದ ಅನ್ನ ತಿಂದುಕೊಂಡು 1995ರವರೆಗೆ ಬದುಕಿದ. ಹುಚ್ಚು ಎನ್ನುವುದು ತಪ್ಪಿಸಿಕೊಳ್ಳುವ ಕಳ್ಳದಾರಿ.

ಹಳೆಯ ವರದಿಗಾರ, ಮುಲುಂಡ್

ಕೋಥ್ರೂಡ್‌ನವರೇ, ಆ ಕಥೆಯನ್ನು ಬಾಲದಿಂದ ಹಿಡಿದಿದ್ದೀರಿ. ನೀವು ಹೇಳುವ ಕೊಲೆಗಳು 1968ರವು. ಅದಕ್ಕೆ ಮುಂಚೆಯೇ, 1965–66ರಲ್ಲಿ, ಪೂರ್ವ ಉಪನಗರಗಳ ರೈಲು ಹಳಿಯ ಪಕ್ಕದ ಗುಡಿಸಲುಗಳಲ್ಲಿ ಅದೇ ಬಗೆಯ ದಾಳಿಗಳಾಗಿದ್ದವು. ಆಗಲೇ ಅವನು ಪೊಲೀಸರ ಕೈಗೆ ಸಿಕ್ಕಿದ್ದ, ಸಾಕ್ಷ್ಯ ಸಾಲದು ಎಂದು ಬಿಟ್ಟರು. ದರೋಡೆಗೆ ಜೈಲುವಾಸವನ್ನೂ ಅನುಭವಿಸಿದ್ದವನು. 1968ರಲ್ಲಿ ಉತ್ತರ ಉಪನಗರಗಳಲ್ಲಿ ಕೊಲೆಗಳು ಶುರುವಾದ ಮೇಲೆ, ಸಬ್ ಇನ್‌ಸ್ಪೆಕ್ಟರ್ ಅಲೆಕ್ಸ್ ಫಿಯಾಲ್ಹೊ ಅವನನ್ನು ಗುರುತಿಸಿದ್ದು ಕಡತದಲ್ಲಿದ್ದ ಹಳೆಯ ಫೋಟೊದಿಂದ. ಅಂದರೆ ಫೋಟೊ ಇತ್ತು, ಕಡತ ಇತ್ತು, ಮನುಷ್ಯನೂ ಊರಲ್ಲೇ ಇದ್ದ.

ವೈದ್ಯರ ವಿಷಯಕ್ಕೆ ಬಂದರೆ, ಪೊಲೀಸ್ ಸರ್ಜನ್ ನೋಡಿ ಮನೋವಿಕಾರವಿಲ್ಲ ಎಂದರು. ನಾಯರ್ ಆಸ್ಪತ್ರೆಯ ಮನೋವೈದ್ಯರು ದೀರ್ಘಕಾಲದ ಸ್ಕಿಜೋಫ್ರೇನಿಯಾ ಎಂದರು. ಹೈಕೋರ್ಟ್ ಮೂವರು ಮನೋವೈದ್ಯರ ಮಂಡಳಿಯಿಂದ ಪರೀಕ್ಷೆ ಮಾಡಿಸಿತು, ಅವರೂ ಸ್ಕಿಜೋಫ್ರೇನಿಯಾ ಎಂದೇ ಹೇಳಿದರು. ಅವನು ಮೇಲ್ಮನವಿಯನ್ನೇ ಸಲ್ಲಿಸಿರಲಿಲ್ಲ. ಕಳ್ಳದಾರಿ ಹಿಡಿಯುವವನು ಮೇಲ್ಮನವಿ ಬೇಡ ಎನ್ನುತ್ತಾನೆಯೇ?

ಕೋಥ್ರೂಡ್ ಕನ್ನಡಿಗ

ಸತ್ತವರಿಗೆ ಇದರಿಂದ ಏನು ಬಂತು?

ಹಳೆಯ ವರದಿಗಾರ, ಮುಲುಂಡ್

1966ರಲ್ಲೇ ಯಾರಾದರೂ ಸರಿಯಾಗಿ ನೋಡಿದ್ದರೆ ಬದುಕಿರುತ್ತಿದ್ದರು. ನಾನು ಹೇಳುತ್ತಿರುವುದೂ ಅದನ್ನೇ.

ಫೋರ್ಟ್ ವಕೀಲ

ಮೂಲ ಪ್ರಶ್ನೆಗೆ ಬರುತ್ತೇನೆ. ನೀವು ಬರೆದುದರಲ್ಲಿ ನನಗೆ ಮೊದಲು ಕಂಡದ್ದು ‘ಎನ್‌ಸಿ’. ಎನ್‌ಸಿ ಎಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡದ ದೂರು. ಕಪಾಳಕ್ಕೆ ಹೊಡೆದರೆ ಎನ್‌ಸಿ ಸರಿ. ಕಬ್ಬಿಣದ ಸಲಾಕೆ, ತೂಕದ ಕಲ್ಲು ಇವೆಲ್ಲ ಭಾರತೀಯ ನ್ಯಾಯ ಸಂಹಿತೆಯ 118ನೆಯ ಕಲಮಿಗೆ ಬರುವಂಥವು. ಅದು ಎಫ್‌ಐಆರ್ ದಾಖಲಿಸಿ ತನಿಖೆ ಮಾಡಲೇಬೇಕಾದ ಅಪರಾಧ. ನಿಮ್ಮ ಠಾಣೆಯವರು ಮೂರೂ ಸಲ ಎನ್‌ಸಿ ಬರೆದಿದ್ದರೆ ಕಾಗದದ ಮೇಲೆ ಆ ಮನುಷ್ಯ ಇನ್ನೂ ಒಂದೂ ಅಪರಾಧ ಮಾಡಿಲ್ಲ. ನಾಳೆ ಯಾರನ್ನಾದರೂ ಕೊಂದರೆ ಅದೇ ಅವನ ಮೊದಲ ಪ್ರಕರಣ. ನ್ಯಾಯಾಧೀಶರು ಹಿಂದಿನ ದಾಖಲೆ ಕೇಳುತ್ತಾರೆ, ಸರ್ಕಾರಿ ವಕೀಲರು ‘ಏನೂ ಇಲ್ಲ’ ಎನ್ನುತ್ತಾರೆ. ಅದು ಸುಳ್ಳೂ ಅಲ್ಲ.

ಹುಚ್ಚಿನ ವಾದ ಸುಲಭದ್ದು ಎಂದುಕೊಂಡವರಿಗೆ: ಹಳೆಯ ದಂಡ ಸಂಹಿತೆಯ 84, ಈಗಿನ 22ನೆಯ ಕಲಮು ಕೇಳುವುದು ಒಂದೇ. ಆ ಕೃತ್ಯದ ಹೊತ್ತಿನಲ್ಲಿ ತಾನು ಏನು ಮಾಡುತ್ತಿದ್ದೇನೆ ಎಂಬುದು, ಇಲ್ಲವೇ ಅದು ತಪ್ಪು ಎಂಬುದು ತಿಳಿಯದ ಸ್ಥಿತಿಯಲ್ಲಿದ್ದನೇ? ಹತ್ತು ವರ್ಷದ ಔಷಧ ಚೀಟಿ ತೋರಿಸಿದರೂ ಸಾಲದು. ವೈದ್ಯರ ಲೆಕ್ಕದಲ್ಲಿ ರೋಗಿಯಾದವನು ಕೋರ್ಟಿನ ಲೆಕ್ಕದಲ್ಲಿ ಸ್ವಸ್ಥನಾಗಿರಬಹುದು.

ಸ್ವಾರಗೇಟ್ ಪಾಸ್‌ದಾರ

ಸಂತೋಷ ಮಾನೆ ಪ್ರಕರಣ ಇದಕ್ಕೆ ಉದಾಹರಣೆ. 2012ರ ಜನವರಿ 25, ಪುಣೆಯ ಸ್ವಾರಗೇಟ್ ಡಿಪೋದಿಂದ ಸರ್ಕಾರಿ ಎಸ್‌ಟಿ ಬಸ್ಸು ತೆಗೆದುಕೊಂಡು ಹೊರಟು ಒಂಬತ್ತು ಜನರನ್ನು ಕೊಂದ ಚಾಲಕ. ಆ ಹೊತ್ತಿಗೆ ನಾನು ಶಂಕರಶೇಟ್ ರಸ್ತೆಯ ಕಚೇರಿಯಲ್ಲಿದ್ದೆ. ಕೆಳಗೆ ದ್ವಿಚಕ್ರ ವಾಹನಗಳು ರಸ್ತೆಯ ಪಕ್ಕದಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದವು, ಒಂದರ ಇಂಡಿಕೇಟರ್ ಇನ್ನೂ ಮಿಣುಕುತ್ತಿತ್ತು. ಮಾನಸಿಕ ಚಿಕಿತ್ಸೆ ಪಡೆದಿದ್ದ ಎಂದು ವಕೀಲರು ವಾದಿಸಿದರು, ನ್ಯಾಯಾಲಯ ಒಪ್ಪಲಿಲ್ಲ, ಗಲ್ಲು ವಿಧಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು.

ಮಾಟುಂಗಾ ಮಾವಳಿ

ಅವನು ಪದೇ ಪದೇ ಅಪರಾಧ ಮಾಡಿದವನಲ್ಲವಲ್ಲ? ಒಂದೇ ಬೆಳಿಗ್ಗೆ.

ಸ್ವಾರಗೇಟ್ ಪಾಸ್‌ದಾರ

ಹುಚ್ಚಿನ ವಾದ ಎಷ್ಟು ನಡೆಯುತ್ತದೆ ಎಂದು ಹೇಳಲು ತಂದೆ. ನಿಮಗೆ ಪ್ರತಿಯೊಂದಕ್ಕೂ ತಕರಾರು.

ರಾತ್ರಿ ಪಾಳಿ

ಮನೋರೋಗ ವಿಭಾಗದಲ್ಲಿ ನರ್ಸ್ ಆಗಿದ್ದೇನೆ, ಎಲ್ಲಿ ಎಂದು ಹೇಳುವುದಿಲ್ಲ. ಮೊದಲೇ ಒಂದು ಮಾತು: ನಮ್ಮಲ್ಲಿಗೆ ಬರುವವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಮಾಡಿದವರಲ್ಲ. ಏಟು ತಿಂದು ಬಂದವರೇ ಹೆಚ್ಚು. ಹಾಗಾಗಿ ‘ಮನೋರೋಗಿ ಎಂದರೆ ಕೊಲೆಗಾರ’ ಎನ್ನುವ ಧಾಟಿಯನ್ನು ಇಲ್ಲಿ ಯಾರೂ ಹಿಡಿಯಬೇಡಿ.

ಇನ್ನು ಆಸ್ಪತ್ರೆ ಯಾಕೆ ಬೇಗ ಕಳುಹಿಸುತ್ತದೆ? 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ರೋಗಿ ಒಪ್ಪದಿದ್ದಾಗ ಮನೆಯವರ ಅರ್ಜಿಯ ಮೇಲೆ ಸೇರಿಸಿಕೊಳ್ಳುವುದು ಮೊದಲಿಗೆ ಮೂವತ್ತು ದಿನಗಳವರೆಗೆ. ಮುಂದುವರಿಸಬೇಕಾದರೆ ಪುನರ್‌ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕು. ಹಿಂದೆ ಜನರನ್ನು ಸುಮ್ಮಸುಮ್ಮನೆ ಕೂಡಿಹಾಕುತ್ತಿದ್ದರು, ಆದ್ದರಿಂದ ಈ ನಿಯಮ. ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಅದೇ ಕಾಯಿದೆಯ 98ನೆಯ ಕಲಮು, ಬಿಡುಗಡೆಗೆ ಮುಂಚೆ ರೋಗಿಯೊಡನೆ, ಅವರ ಪ್ರತಿನಿಧಿಯೊಡನೆ, ಮುಂದೆ ನೋಡಿಕೊಳ್ಳುವ ವೈದ್ಯರೊಡನೆ ಕುಳಿತು ಯೋಜನೆ ಮಾಡಿ ಎನ್ನುತ್ತದೆ. ಆ ಕೂರುವುದು ನಡೆಯುವುದಿಲ್ಲ. ಹೊರಗೆ ಇನ್ನೊಬ್ಬ ರೋಗಿಯನ್ನು ಹಗ್ಗದಲ್ಲಿ ಕಟ್ಟಿ ಟೆಂಪೋದಲ್ಲಿ ತಂದು ನಿಲ್ಲಿಸಿರುತ್ತಾರೆ.

ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ, 0.75. ಯೆರವಡಾದ ಆಸ್ಪತ್ರೆಗೆ 2,540 ಹಾಸಿಗೆ ಎಂದು ಕೇಳಿ ಎಲ್ಲರೂ ಬಾಯಿ ಬಿಡುತ್ತಾರೆ. ಅಂಥ ಆಸ್ಪತ್ರೆಗಳಲ್ಲಿ ಗುಣವಾದರೂ ಮನೆಯವರು ಕರೆದುಕೊಂಡು ಹೋಗದವರು ಎಷ್ಟು ಜನರಿದ್ದಾರೆ ಎಂಬುದನ್ನೂ ಕೇಳಿ.

ಇನ್ನೊಂದು. ನಿಮ್ಮ ಚಾಳಿನ ತಾಯಿಯ ಜೊತೆ ಆಸ್ಪತ್ರೆಗೆ ಹೋದವರು ಯಾರು? ರೋಗದ ಹಿಂದುಮುಂದನ್ನು ವೈದ್ಯರಿಗೆ ಹೇಳಿದವರು ಯಾರು?

ಡೊಂಬಿವಲಿ ಪೂರ್ವ

ಪಕ್ಕದ ಮನೆಯ ಮರಾಠಿ ಹುಡುಗ. ಅವನು ಈ ಚಾಳಿಗೆ ಬಂದಿರುವುದೇ ಈಚೆಗೆ. ಚೀಟಿಯಲ್ಲಿ ‘ಹಿಂಸೆಯ ಇತಿಹಾಸವಿಲ್ಲ’ ಎಂದು ಬರೆದಿದೆ.

ರಾತ್ರಿ ಪಾಳಿ

ನೋಡಿ. ತಾಯಿಗೆ ಎಲ್ಲ ಗೊತ್ತು, ಭಾಷೆ ಬಾರದು. ಹುಡುಗನಿಗೆ ಭಾಷೆ ಬರುತ್ತದೆ, ಏನೂ ಗೊತ್ತಿಲ್ಲ. ಮುಂದಿನ ಸಲ ನೀವೇ ಹೋಗಿ. ಆ ಎನ್‌ಸಿ ಚೀಟಿಗಳನ್ನು ವೈದ್ಯರ ಮುಂದೆ ಇಡಿ.

ವಾಸ್ಕೋ ವಾಸಿ

ಗೋವಾದಿಂದ ಬರೆಯುತ್ತಿದ್ದೇನೆ. ಝುವಾರಿನಗರದಲ್ಲಿ ಗದಗ, ಬಾಗಲಕೋಟೆ ಕಡೆಯ ಕೂಲಿಯವರು ತುಂಬಿದ್ದಾರೆ, ಠಾಣೆಯಲ್ಲಿ ನಮ್ಮ ಜನರ ದೂರು ಹೇಗೆ ಬರೆಯುತ್ತಾರೆ ಎಂದು ನನಗೂ ಗೊತ್ತು.

ನೀವೆಲ್ಲ ರೋಗಕ್ಕೆ ಅಂಟಿಕೊಂಡಿದ್ದೀರಿ. ಇಲ್ಲಿನ ಮಹಾನಂದ ನಾಯಕನನ್ನು ನೋಡಿ. ಶಿರೋಡಾದವನು, 2009ರಲ್ಲಿ ಸಿಕ್ಕಿಬಿದ್ದ. 1994ರಿಂದ 16 ಮಹಿಳೆಯರನ್ನು ಕೊಂದ ಆರೋಪ. ಬಡ ಮನೆಯ ಹೆಣ್ಣುಮಕ್ಕಳಿಗೆ ಮದುವೆಯ ಆಸೆ ಹುಟ್ಟಿಸಿ, ಒಡವೆ ಹಾಕಿಕೊಂಡು ಬಾ ಎಂದು ಕರೆಸಿ, ದುಪಟ್ಟಾದಿಂದ ಕೊರಳು ಬಿಗಿಯುತ್ತಿದ್ದ. ಅದೇ 2009ರಲ್ಲಿ ದಕ್ಷಿಣ ಕನ್ನಡದಲ್ಲಿ ಸಯನೈಡ್ ಮೋಹನ್ ಸಿಕ್ಕ. ಅವನೂ ಅದೇ ಮದುವೆ, ಅದೇ ಒಡವೆ, 20 ಯುವತಿಯರು. ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಹೆಣ ಸಿಗುತ್ತಿದ್ದವು. ಒಂದು ಊರಲ್ಲಿ ‘ಹುಡುಗಿ ಕಾಣೆ’, ಇನ್ನೊಂದು ಊರಲ್ಲಿ ‘ಅಪರಿಚಿತ ಶವ, ಅಸಹಜ ಸಾವು’. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಸರ್ಕಾರಕ್ಕೆ ವರ್ಷಗಳು ಹಿಡಿದವು. ‘ಯಾರ ಜೊತೆಯೋ ಓಡಿಹೋಗಿರಬೇಕು’ ಎಂಬ ಒಂದು ಮಾತಿನಿಂದ ಎಷ್ಟು ಕಡತಗಳು ಮುಚ್ಚಿದವೋ.

ಮಹಾನಂದನ ಮೇಲಿದ್ದ ಹಲವು ಪ್ರಕರಣಗಳಲ್ಲಿ ಖುಲಾಸೆಯಾಯಿತು, ಕೆಲವೇ ನಿಂತವು. ಹದಿನೈದು ವರ್ಷದ ಹಿಂದಿನ ಮೂಳೆಗೆ ಸಾಕ್ಷಿ ಎಲ್ಲಿಂದ ತರುತ್ತೀರಿ?

ಫೋರ್ಟ್ ವಕೀಲ

ಒಪ್ಪಿದೆ. ಆದರೆ ಅದು ಬೇರೆ ಜಾತಿಯ ಅಪರಾಧ. ಅವರಿಬ್ಬರೂ ಲೆಕ್ಕ ಹಾಕಿ ಕೊಂದವರು. ಚಾಳಿನ ಹುಡುಗನನ್ನು ಅವರ ಸಾಲಿಗೆ ನಿಲ್ಲಿಸಬೇಡಿ.

ವಾಸ್ಕೋ ವಾಸಿ

ಮನುಷ್ಯರನ್ನು ನಿಲ್ಲಿಸಲಿಲ್ಲ, ಕಚೇರಿಗಳನ್ನು ನಿಲ್ಲಿಸಿದೆ. ಕಡತ ಜೋಡಿಸದ ಅಭ್ಯಾಸ ಎರಡೂ ಕಡೆ ಒಂದೇ.

ಬೆಳಗಾವಿ–ಪುಣೆ ರಾತ್ರಿ ಬಸ್

ಕಡತ ಜೋಡಿಸದಿರುವುದಕ್ಕೆ ಉಮೇಶ್ ರೆಡ್ಡಿಗಿಂತ ಉದಾಹರಣೆ ಬೇಕೇ? ಸಿಆರ್‌ಪಿಎಫ್‌ನಲ್ಲಿದ್ದಾಗ ಅಧಿಕಾರಿಯ ಮಗಳ ಮೇಲೆ ಕೈ ಹಾಕಲು ಹೋಗಿ ಪರಾರಿಯಾದವನು ಚಿತ್ರದುರ್ಗಕ್ಕೆ ಬಂದು ಪೊಲೀಸ್ ಇಲಾಖೆಯನ್ನೇ ಸೇರಿದ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಹಿಂದಿನ ನೌಕರಿಯಲ್ಲಿ ಏನಾಯಿತು ಎಂದು ಒಂದು ಪತ್ರ ಬರೆದು ಕೇಳಿದವರಿಲ್ಲ! ಆಮೇಲೆ ಸಿಕ್ಕಿಬಿದ್ದಾಗಲೂ ಪೊಲೀಸರ ಕೈಯಿಂದ ಒಂದಕ್ಕಿಂತ ಹೆಚ್ಚು ಸಲ ತಪ್ಪಿಸಿಕೊಂಡ. ಕೊನೆಗೆ ಗಲ್ಲು. ಅದೂ 2022ರಲ್ಲಿ ಇಳಿಯಿತು, ಯಾಕೆಂದರೆ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಹತ್ತು ವರ್ಷ ಕಾನೂನುಬಾಹಿರವಾಗಿ ಒಂಟಿ ಕೋಣೆಯಲ್ಲಿಟ್ಟಿದ್ದರು. ಹಿಡಿಯುವಾಗಲೂ ಎಡವಟ್ಟು, ಇಟ್ಟುಕೊಳ್ಳುವಾಗಲೂ ಎಡವಟ್ಟು.

ಕೋಥ್ರೂಡ್ ಕನ್ನಡಿಗ

ಅದಕ್ಕೇ ಹೇಳಿದ್ದು, ತಕ್ಷಣ ನೇಣಿಗೆ ಹಾಕಬೇಕು.

ಫೋರ್ಟ್ ವಕೀಲ

ಸರ್, ನಿಮ್ಮ ನೇಣೂ ಇದೇ ಕಡತಗಳ ಮೂಲಕವೇ ಬರಬೇಕು. ಮಕ್ಕಳನ್ನು ಕದ್ದು ಕೊಂದ ಕೊಲ್ಹಾಪುರದ ಅಕ್ಕತಂಗಿಯರು, ರೇಣುಕಾ ಶಿಂದೆ ಮತ್ತು ಸೀಮಾ ಗಾವಿತ್, 1996ರಲ್ಲಿ ಬಂಧನವಾದವರು. 2006ರಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ಎತ್ತಿಹಿಡಿಯಿತು. ಆಮೇಲೆ ಕ್ಷಮಾದಾನದ ಅರ್ಜಿಯನ್ನು ಸರ್ಕಾರಗಳು ಸುಮಾರು ಏಳು ವರ್ಷ ಹತ್ತು ತಿಂಗಳು ಇಟ್ಟುಕೊಂಡು ಕುಳಿತವು. ಆ ವಿಳಂಬಕ್ಕಾಗಿಯೇ 2022ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು. ನೀವು ಕೇಳುವ ಅತಿ ಕಠಿಣ ಶಿಕ್ಷೆಯನ್ನೂ ಗುಮಾಸ್ತರ ಟೇಬಲ್ಲೇ ತಿಂದುಹಾಕಿತು.

ಕೋಥ್ರೂಡ್ ಕನ್ನಡಿಗ

ಹಾಗಾದರೆ ಗುಮಾಸ್ತರನ್ನು ಮೊದಲು ನೇಣಿಗೆ ಹಾಕಿ.

ಮಾಟುಂಗಾ ಮಾವಳಿ

ಇದಕ್ಕೆ ನನ್ನ ಬೆಂಬಲವಿದೆ. ನಾನು ಸರ್ಕಾರಿ ಗುಮಾಸ್ತನಾಗಿ ನಿವೃತ್ತನಾದವನು, ನನ್ನನ್ನು ಬಿಟ್ಟು.

ಠಾಣೆಯ ನೆಂಟ

ನಮ್ಮ ಮನೆಯಲ್ಲೇ ಹವಾಲ್ದಾರರಿದ್ದಾರೆ, ಅವರ ಕಡೆಯ ಮಾತನ್ನೂ ಯಾರಾದರೂ ಹೇಳಬೇಕು. ಇಂಥವನನ್ನು ರಾತ್ರಿ ಹಿಡಿದರೆ ಠಾಣೆಯಲ್ಲಿ ಎಲ್ಲಿಡುವುದು? ಲಾಕಪ್ಪಿನಲ್ಲಿ ತಲೆ ಚಚ್ಚಿಕೊಂಡು ಏನಾದರೂ ಆದರೆ ಕರ್ತವ್ಯದಲ್ಲಿದ್ದವನ ಅಮಾನತು. ಮೊದಲು ವೈದ್ಯಕೀಯ ಪರೀಕ್ಷೆ, ಅಲ್ಲಿ ಸಾಲು. ಮನೋವೈದ್ಯರು ಬೆಳಿಗ್ಗೆ ಬರುತ್ತಾರೆ ಎನ್ನುತ್ತಾರೆ. ನಾಲ್ಕು ಜನ ಸಿಬ್ಬಂದಿ ಅವನ ಸುತ್ತ ಕೂರಬೇಕು. ಅದೇ ಎನ್‌ಸಿ ಬರೆದರೆ ಹತ್ತು ನಿಮಿಷ. ಸರಿ ಎಂದು ನಾನು ಹೇಳುತ್ತಿಲ್ಲ, ಹೀಗೆ ನಡೆಯುತ್ತದೆ ಎನ್ನುತ್ತಿದ್ದೇನೆ.

ಗೂಂಡಾಗಳಿಗಾದರೆ ಒಳ್ಳೆಯ ನಡತೆಗೆ ಮುಚ್ಚಳಿಕೆ ಬರೆಸಿಕೊಳ್ಳುವ ಚಾಪ್ಟರ್ ಕೇಸ್ ಇದೆ, ಗಡಿಪಾರು ಮಾಡುವ ತಡಿಪಾರ್ ಇದೆ. ಎರಡು ವರ್ಷದವರೆಗೆ ಜಿಲ್ಲೆಯಿಂದ ಆಚೆ ಹಾಕಬಹುದು.

ಹಳೆಯ ವರದಿಗಾರ, ಮುಲುಂಡ್

ತಡಿಪಾರ್! ಠಾಣೆ ಜಿಲ್ಲೆಯವನು ರಾಯಗಡಕ್ಕೆ ಹೋಗಿ ಅಲ್ಲಿನವರನ್ನು ಹೊಡೆಯುತ್ತಾನೆ. ಕಸವನ್ನು ಪಕ್ಕದ ಮನೆಯ ಅಂಗಳಕ್ಕೆ ಗುಡಿಸಿದಂತೆ. ಔಷಧ ಬೇಕಾದವನನ್ನು ಔಷಧ ಕೊಡುವ ತಾಯಿಯಿಂದಲೇ ಆಚೆ ಹಾಕುವುದು ಯಾವ ಬುದ್ಧಿ?

ರಾತ್ರಿ ಪಾಳಿ

ಜೈಲಿನ ಕಥೆಯೂ ಅಷ್ಟೆ. 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ಲೆಕ್ಕದಲ್ಲಿ ದೇಶದ 5.7 ಲಕ್ಷ ಕೈದಿಗಳಿಗೆ ಇರುವ ಮನಶ್ಶಾಸ್ತ್ರಜ್ಞರು ಮತ್ತು ಮನೋವೈದ್ಯರು ಒಟ್ಟು 25. ಐನೂರು ಕೈದಿಗಳಿಗೆ ಒಬ್ಬರು ಇರಬೇಕು ಎಂಬುದು ಮಾನದಂಡ. ನಿಮ್ಹಾನ್ಸ್‌ನವರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಐದು ಸಾವಿರ ಕೈದಿಗಳನ್ನು ಪರೀಕ್ಷಿಸಿದ್ದರು. ಕುಡಿತ, ಮಾದಕ ವಸ್ತುಗಳ ಚಟವನ್ನು ಬಿಟ್ಟು ಲೆಕ್ಕ ಹಾಕಿದರೂ ಕಾಲು ಭಾಗಕ್ಕಿಂತ ಹೆಚ್ಚು ಜನರಿಗೆ ಮಾನಸಿಕ ತೊಂದರೆ ಇತ್ತು. ಒಳಗಿದ್ದಾಗ ಹೇಗೋ ಮಾತ್ರೆ ಶುರುವಾಗುತ್ತದೆ. ಜಾಮೀನು ಸಿಕ್ಕ ಸಂಜೆ ಗೇಟಿನ ಹೊರಗೆ ಬಿಡುತ್ತಾರೆ, ಕೈಯಲ್ಲಿ ಮಾತ್ರೆಯೂ ಇಲ್ಲ, ಚೀಟಿಯೂ ಇಲ್ಲ. ಮುಂದಿನ ತಿಂಗಳು ನಮ್ಮ ವಾರ್ಡಿಗೆ ‘ಹೊಸ ರೋಗಿ’ಯಾಗಿ ಬರುತ್ತಾರೆ.

ಸ್ವಾರಗೇಟ್ ಪಾಸ್‌ದಾರ

ಹಾಗಾದರೆ ಅಪಾಯಕಾರಿ ಎಂದು ಕಂಡವರನ್ನು ಶಾಶ್ವತವಾಗಿ ಆಸ್ಪತ್ರೆಯಲ್ಲೇ ಇಡಲಿ. ಎಲ್ಲರಿಗೂ ನೆಮ್ಮದಿ.

ಹಳೆಯ ವರದಿಗಾರ, ಮುಲುಂಡ್

ಅದನ್ನೂ ಮಾಡಿ ನೋಡಿದ್ದಾಗಿದೆ. ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬವರನ್ನು 1951ರಲ್ಲಿ ಬಂಧಿಸಿ ತೇಜಪುರದ ಮನೋರೋಗ ಆಸ್ಪತ್ರೆಗೆ ಕಳುಹಿಸಿದರು. ವಿಚಾರಣೆಯೇ ನಡೆಯಲಿಲ್ಲ. 54 ವರ್ಷದ ಮೇಲೆ, 2005ರಲ್ಲಿ ಬಿಟ್ಟರು. ಆಸ್ಪತ್ರೆಯವರು 1967ರಲ್ಲೇ ಅವರು ಸ್ವಸ್ಥ ಎಂದು ಬರೆದುಕೊಟ್ಟಿದ್ದರು, ಆದರೂ ಬಿಡುವ ಬದಲು ಜೈಲಿಗೆ ಕಳುಹಿಸಿದರು. ಬಿಡಬಾರದವನನ್ನು ಬಿಡುವುದೂ ಬಿಡಬೇಕಾದವನನ್ನು ಮರೆಯುವುದೂ ಒಂದೇ ಕಚೇರಿಯ ಕೆಲಸ.

ಬೆಳಗಾವಿ–ಪುಣೆ ರಾತ್ರಿ ಬಸ್

ವಿಷಯಾಂತರ: ಸ್ವಾರಗೇಟ್‌ನವರೇ, ಮೆಟ್ರೊ ಶುರುವಾದ ಮೇಲೆ ಬೆಳಗಾವಿ ಬಸ್ಸುಗಳು ಎಲ್ಲಿ ನಿಲ್ಲುತ್ತವೆ? ಹೋದ ವಾರ ಸೂಟ್‌ಕೇಸ್ ಎಳೆದುಕೊಂಡು ಅಲೆದೆ.

ಸ್ವಾರಗೇಟ್ ಪಾಸ್‌ದಾರ

ಡಿಪೋ ಒಳಗೇ ಕೇಳಿ. ಹೊರಗೆ ನಿಂತ ಏಜೆಂಟರು ಹೇಳಿದ ಕಡೆ ಹೋಗಬೇಡಿ.

ಡೊಂಬಿವಲಿ ಪೂರ್ವ

ಬಸ್ಸಿನ ಮಾತು ಮುಗಿದಿದ್ದರೆ ಒಂದು ವಿಷಯ. ಇವತ್ತು ಸಂಜೆ ಆ ತಾಯಿಯೊಡನೆ ಕುಳಿತು ಮಾತನಾಡಿದೆ. ಎಫ್‌ಐಆರ್ ಎಂದ ಕೂಡಲೇ ಕೈ ಮುಗಿದರು. ‘ಜೈಲಿಗೆ ಹಾಕಿದರೆ ಅಲ್ಲಿ ಸಾಯಿಸುತ್ತಾರೆ, ಆಸ್ಪತ್ರೆಗೆ ಹಾಕಿಸು, ಆದರೆ ಬಿಡಬೇಡ ಎಂದು ಹೇಳು’ ಎನ್ನುತ್ತಾರೆ. ಕೈ ಮುರಿದದ್ದನ್ನು ಆಸ್ಪತ್ರೆಯಲ್ಲಿ ‘ಮೆಟ್ಟಿಲಿನಿಂದ ಜಾರಿ ಬಿದ್ದೆ’ ಎಂದು ಬರೆಸಿದ್ದಾರಂತೆ. ಅದು ನನಗೂ ಈಗಲೇ ತಿಳಿದದ್ದು.

ಫೋರ್ಟ್ ವಕೀಲ

ಮುಚ್ಚಿಟ್ಟವರ ಪಟ್ಟಿಯಲ್ಲಿ ಅವರದ್ದೂ ಒಂದು ಹೆಸರು ಸೇರಿತು. ದೂರುವುದಿಲ್ಲ, ಅವರ ಜಾಗದಲ್ಲಿ ಯಾವ ತಾಯಿಯೂ ಅದನ್ನೇ ಮಾಡುತ್ತಾರೆ. ಈಗ ಮಾಡಬೇಕಾದ್ದು ಹೇಳುತ್ತೇನೆ. ಠಾಣೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಾಯಿಯ ಹೆಸರಿನಲ್ಲಿ ಅರ್ಜಿ ಹಾಕಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಮಾನಸಿಕ ಅಸ್ವಸ್ಥರಿಗೂ ಉಚಿತ. ಸಹಾಯವಾಣಿ 15100. ಕಾವಲುಗಾರನ ಎನ್‌ಸಿ, ತರಕಾರಿಯವನ ಎನ್‌ಸಿ, ಬಿಡುಗಡೆ ಚೀಟಿ ಎಲ್ಲವನ್ನೂ ದಿನಾಂಕದ ಪ್ರಕಾರ ಒಂದೇ ಅರ್ಜಿಗೆ ಲಗತ್ತಿಸಿ. ಮೂರು ಘಟನೆಗಳನ್ನು ಒಟ್ಟಿಗೆ ನೋಡುವ ಮೊದಲ ಅಧಿಕಾರಿ ಅವರಾಗಲಿ. ಮ್ಯಾಜಿಸ್ಟ್ರೇಟರು ಹತ್ತು ದಿನಗಳವರೆಗೆ ಆಸ್ಪತ್ರೆಯಲ್ಲಿಟ್ಟು ತಪಾಸಣೆ ಮಾಡಿ ಎಂದು ಆದೇಶಿಸಬಹುದು, ಮಾನಸಿಕ ಆರೋಗ್ಯ ಕಾಯಿದೆಯ 102ನೆಯ ಕಲಮು.

ರಾತ್ರಿ ಪಾಳಿ

ಸೇರಿಸುವಾಗ ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿನ ಬಗ್ಗೆ ಕೇಳಿ. ಎಲ್ಲರಿಗೂ ಹೊಂದುವುದಿಲ್ಲ, ವೈದ್ಯರೇ ತೀರ್ಮಾನಿಸಬೇಕು. ಮಾತ್ರೆ ನುಂಗಿದನೋ ಉಗಿದನೋ ಎಂದು ತಾಯಿ ಕಾವಲು ಕೂರುವುದು ತಪ್ಪುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ, ಆ ಸಂಖ್ಯೆಯನ್ನು ತಾಯಿಯ ಫೋನಿನಲ್ಲಿ ಹಾಕಿಕೊಡಿ.

ಠಾಣೆಯ ನೆಂಟ

ಮರಾಠಿಯಲ್ಲಿ ಅರ್ಜಿ ನಾನು ಬರೆದುಕೊಡುತ್ತೇನೆ. ಹೆಸರು, ವಿಳಾಸ ಮುಚ್ಚಿ ಚೀಟಿಗಳ ಫೋಟೊ ಖಾಸಗಿ ಸಂದೇಶದಲ್ಲಿ ಕಳುಹಿಸಿ. ಇಲ್ಲಿ ಹಾಕಬೇಡಿ.

ಕೋಥ್ರೂಡ್ ಕನ್ನಡಿಗ

ಹೊಡೆದವನಿಗೆ ವಕೀಲರು ಉಚಿತ, ಚುಚ್ಚುಮದ್ದು ಉಚಿತ, ಅರ್ಜಿ ಬರೆಯುವವರೂ ಉಚಿತ. ಹಣೆಗೆ ಹೊಲಿಗೆ ಹಾಕಿಸಿಕೊಂಡ ತರಕಾರಿಯವನ ಹೆಸರನ್ನು ಇಷ್ಟು ಹೊತ್ತಿನಲ್ಲಿ ಯಾರಾದರೂ ಎತ್ತಿದಿರಾ? ಗಾಡಿ ಹಚ್ಚದ ದಿನಗಳ ಕೂಲಿ ಯಾರು ಕೊಡುತ್ತಾರೆ?

ಫೋರ್ಟ್ ವಕೀಲ

ಈ ಚರ್ಚೆಯಲ್ಲಿ ನೀವು ಬರೆದ ಒಳ್ಳೆಯ ಮಾತು ಇದು. ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಕಲಮಿನಲ್ಲಿ ಸಂತ್ರಸ್ತರಿಗೆ ಪರಿಹಾರವಿದೆ, ಅದೂ ಅದೇ ಕಾನೂನು ಸೇವಾ ಪ್ರಾಧಿಕಾರದ ಮೂಲಕ. ಆದರೆ ಎನ್‌ಸಿ ಹಿಡಿದುಕೊಂಡು ಹೋದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅವನಿಗಾದರೂ ಎಫ್‌ಐಆರ್ ಬೇಕೇ ಬೇಕು. ತಾಯಿ ಬೇಡ ಎಂದರೂ ದೂರು ಕೊಡುವ ಹಕ್ಕು ಅವನದು. ಠಾಣೆಯಲ್ಲಿ ಬರೆದುಕೊಳ್ಳದಿದ್ದರೆ ಪೊಲೀಸ್ ಉಪಾಯುಕ್ತರಿಗೆ ಅಂಚೆಯಲ್ಲಿ ಕಳುಹಿಸಲಿ, ರಸೀದಿ ಇಟ್ಟುಕೊಳ್ಳಲಿ.

ಡೊಂಬಿವಲಿ ಪೂರ್ವ

ಅವನು ಉತ್ತರ ಪ್ರದೇಶದವನು, ಠಾಣೆ ಎಂದರೆ ಹೆದರುತ್ತಾನೆ. ಗಾಡಿ ನಿಲ್ಲಿಸಲು ಪರವಾನಗಿ ಇಲ್ಲ.

ಕೋಥ್ರೂಡ್ ಕನ್ನಡಿಗ

ಅವನ ಜೊತೆ ನೀವು ಹೋಗಿ. ಶನಿವಾರ ನಾನು ಕಲ್ಯಾಣಕ್ಕೆ ಬರುವವನಿದ್ದೇನೆ, ಬೇಕಾದರೆ ನಾನೂ ಬರುತ್ತೇನೆ.